ಬಿಸಿ ತಾಕದ ಬೆರಳುಗಳು

ನರಕೋಶದಲ್ಲಿ ವಿದ್ಯುತ್ತು ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನು ನಾನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸೋಡಿಯಂ ಒಳಗೆ, ಪೊಟ್ಯಾಷಿಯಂ ಹೊರಗೆ ಎಂದು ಹೇಳಿ ಮತ್ತೆ ಮಗ್ಗುಲಾಗಬಲ್ಲೆ. ದೇವನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಬೋರ್ಡಿನ ಉದ್ದಕ್ಕೂ ಒಂದು ನರತಂತು ಬರೆದು, ಒಳಗೆ ಮೈನಸ್, ಹೊರಗೆ ಪ್ಲಸ್ ಹಾಕಿ, ಪೊರೆಯಲ್ಲಿನ ಪುಟ್ಟ ಬಾಗಿಲುಗಳು ತೆರೆದುಕೊಳ್ಳುವುದನ್ನು ತೋರಿಸಿ ಹಿಂದಿರುಗಿ ನೋಡಿದರೆ ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿರುತ್ತಾರೆ. ಬರೆಯುತ್ತಿರುವ ತಮ್ಮ ಬೆರಳನ್ನೇ ಒಮ್ಮೆ ನೋಡಿಕೊಳ್ಳುವವರು ಒಬ್ಬರೂ ಇಲ್ಲ. ಈ ಭಾಗದಿಂದ ಪ್ರವೇಶ ಪರೀಕ್ಷೆಗೆ ಪ್ರಶ್ನೆ ಬರುತ್ತದಾ ಮಿಸ್ ಎಂದು ಮಾತ್ರ ಕೇಳುತ್ತಾರೆ. ಆಗ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ.

ಮಕ್ಕಳ ಮೇಲಿನ ಸಿಟ್ಟು ಬೆಲ್ ಹೊಡೆಯುವವರೆಗೆ ಮಾತ್ರ. ನಮ್ಮಕ್ಕನ ಮೇಲಿನ ಸಿಟ್ಟು ಹಾಗಲ್ಲ. ಅದು ಹೆಚ್ಚುಕಡಿಮೆ ಒಂದು ವರ್ಷ ನನ್ನ ಜೊತೆ ಬಸ್ಸಿನಲ್ಲಿ ಓಡಾಡಿತು.

ಅಕ್ಕನ ಮನೆ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆ. ಹಿತ್ತಲಲ್ಲಿ ಶೀಟು ಹೊದಿಸಿದ ಉದ್ದನೆಯ ಕೊಠಡಿಯೊಂದಿದೆ. ಅಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಾರೆ. ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಲಾಟುಗಟ್ಟಲೆ ಗೂಡು ಹಿಡಿದು ತರುವುದು ಭಾವನ ಕೆಲಸ. ಅಲ್ಲಿಂದಾಚೆಗೆ ಎಲ್ಲವೂ ಅಕ್ಕನದೇ. ಗೂಡನ್ನು ಬೇಯಿಸಿ, ಬಿಸಿನೀರು ತುಂಬಿದ ಬೇಸಿನ್ನಿಗೆ ಹಾಕಿ, ಬೆರಳಿನಿಂದಲೇ ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ, ಕೆಲವು ಎಳೆಗಳನ್ನು ಒಟ್ಟುಗೂಡಿಸಿ ಮೇಲೆ ತಿರುಗುವ ರಾಟೆಗೆ ಹತ್ತಿಸಬೇಕು. ಎಳೆ ಕಡಿದಾಗೆಲ್ಲ ಮತ್ತೆ ನೀರಿಗೆ ಕೈ. ಅಕ್ಕನ ಪಕ್ಕದ ಬೇಸಿನ್ನಿಗೆ ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸು ಕೂಲಿಗೆ ಬರುತ್ತಾಳೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ಮನೆಯಲ್ಲಿ ಓದುವ ಎರಡು ಮಕ್ಕಳು.

ಎರಡೂ ಬೇಸಿನ್ನಿನ ನೀರು ಎಷ್ಟು ಬಿಸಿ ಇರಬೇಕೆಂದು ಹೇಳುವುದು ಮನೆಯೊಡತಿ ಅಕ್ಕನ ಕೈ. ಅವಳು ಬೆರಳದ್ದಿ ನೋಡಿ ಒಲೆಗೆ ಸೌದೆ ತಳ್ಳು ಎಂದರೆ ತಳ್ಳಬೇಕು, ಹೊರಗೆಳೆ ಎಂದರೆ ಎಳೆಯಬೇಕು. ಥರ್ಮಾಮೀಟರ್ ತಂದುಕೊಡುತ್ತೇನೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ಮಗುವಿಗೆ ಜ್ವರ ಬಂದಾಗ ತಾ ಎಂದು ಭಾವ ನಕ್ಕಿದ್ದರು. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಅಳುತ್ತಾರೆ. ಬೆರಳ ತುದಿ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ಸ್ವಲ್ಪ ದಿನ ಕಳೆದರೆ ಕೈ ಪಳಗುತ್ತದೆ ಎಂದು ಹಳಬರು ಸಮಾಧಾನ ಹೇಳುತ್ತಾರೆ. ಬಿಸಿನೀರಿಗೆ ಅಂಜದ ಕೈಗೆ ಆ ಬೀದಿಗಳಲ್ಲಿ ಒಂದು ಮರ್ಯಾದೆಯೇ ಉಂಟು. ಅಕ್ಕನ ಕೈ ಅಂಥದ್ದೆಂದು ಭಾವ ಬಂದವರ ಮುಂದೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು.

ಒಂದು ಸಂಜೆ ಕಾಲೇಜಿನಿಂದ ಬಂದವಳು ನೇರ ಅವಳ ಮನೆಗೆ ಹೋದೆ. ಒಲೆಯಿಂದ ಇಳಿಸಿದ ಟೀಯನ್ನು ಸ್ಟೀಲ್ ಲೋಟಕ್ಕೆ ಸುರಿದು, ಸೆರಗು ಗಿರಗು ಏನೂ ಇಲ್ಲದೆ ಲೋಟವನ್ನು ಬರಿಯ ಬೆರಳುಗಳಲ್ಲೇ ಒತ್ತಿ ಹಿಡಿದು ತಂದಳು. ನಾನು ಮುಟ್ಟಿ ತಟ್ಟನೆ ಕೈ ತೆಗೆದೆ. ಅವಳಿಗೆ ನಗು. ಅಷ್ಟು ಓದಿ ಏನು ಬಂತು, ಒಂದು ಲೋಟ ಹಿಡಿಯಲಿಕ್ಕೆ ಆಗುವುದಿಲ್ಲ ಎಂದು ಹಂಗಿಸಿದಳು. ಆಮೇಲೆ ಅವಳ ಜೊತೆ ಹಿತ್ತಲಿಗೆ ಹೋಗಿ ಕೂತೆ. ಅವಳು ಬೇಸಿನ್ನಿಗೆ ಕೈ ಹಾಕಿ ಎಳೆ ಹುಡುಕುವಾಗ ಕಿರುಬೆರಳನ್ನು ಮಾತ್ರ ನೀರಿಗೆ ತಾಗದಂತೆ ಮೇಲಕ್ಕೆತ್ತಿ ಹಿಡಿದಿದ್ದಳು. ದೊಡ್ಡ ಹೋಟೆಲಿನಲ್ಲಿ ಕಪ್ಪು ಹಿಡಿದ ಸಾಹುಕಾರ್ತಿಯ ಹಾಗಿದೆ ನಿನ್ನ ವೈಯಾರ ಎಂದು ನಾನೂ ಹಂಗಿಸಿ ಲೆಕ್ಕ ಚುಕ್ತಾ ಮಾಡಿದೆ.

“ವೈಯಾರ ಅಲ್ಲ ಕಣೇ. ಅದೊಂದು ಬೆರಳು ಸುಡುತ್ತೆ. ಅದೊಂದಿನ್ನೂ ಪಳಗಿಲ್ಲ,” ಎಂದಳು.

ನಗುತ್ತಲೇ ಮನೆಗೆ ಬಂದೆ. ಮಾರನೆಯ ಬೆಳಗ್ಗೆ ಬಸ್ಸಿಗೆ ಕಾಯುತ್ತ ನಿಂತಾಗ ಆ ಮಾತು ಇದ್ದಕ್ಕಿದ್ದಂತೆ ಬೇರೆಯಾಗಿ ಕೇಳಿಸಿತು. ಬಿಸಿಗೆ ಚರ್ಮ ದಪ್ಪಗಾಗಿದ್ದರೆ ಐದೂ ಬೆರಳಿಗೆ ಆಗಬೇಕು. ಕಿರುಬೆರಳನ್ನು ಬಿಟ್ಟು ಉಳಿದವಕ್ಕೆ ಏಕೆ? ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟಕ್ಕೂ ಒಂದೇ ನರ. ಅದು ಮಣಿಕಟ್ಟಿನಲ್ಲಿ ಮೂಳೆಗಳಿಗೂ ಒಂದು ಬಿಗಿಯಾದ ಪಟ್ಟಿಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ಅಂಗೈಗೆ ಬರುತ್ತದೆ. ಕಿರುಬೆರಳಿನ ನರ ಬೇರೆ, ಅದರ ದಾರಿಯೂ ಬೇರೆ. ದಿನವಿಡೀ ಮಣಿಕಟ್ಟು ಬಗ್ಗಿಸಿ ಎಳೆ ತಿರುವುವವಳ ನರ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ನಲುಗುತ್ತಿದೆ. ಅಕ್ಕನ ಕೈ ಪಳಗಿರಲಿಲ್ಲ. ಅದರ ನರ ಸಾಯುತ್ತಿತ್ತು. ಬಸ್ಸು ಬಂದು ನಿಂತಿದ್ದೂ ನನಗೆ ತಿಳಿಯಲಿಲ್ಲ.

ಅಂದು ಸಂಜೆಯೇ ಹೋಗಿ ಹೇಳಿದೆ. ಮಲಗಿದಾಗ ಕೈ ಜುಮ್ಮೆನ್ನುತ್ತದೆಯಾ ಎಂದರೆ ಹೌದು, ಎದ್ದು ಕೊಡವಿಕೊಂಡರೆ ಸರಿಹೋಗುತ್ತದೆ ಎಂದಳು. ರವಿಕೆಯ ಹುಕ್ಕು ಹಾಕಲು ಕಷ್ಟವಾಗುತ್ತದೆಯಾ ಎಂದರೆ, ಈಗಿನ ದರ್ಜಿಗಳಿಗೆ ಹುಕ್ಕು ಹೊಲಿಯಲು ಬರುವುದಿಲ್ಲ ಎಂದಳು. ಜುಮ್ಮೆನ್ನುವುದಕ್ಕೆ ಅವಳ ಬಳಿ ಉತ್ತರವಿತ್ತು, ವಾಯು. ಹರಳೆಣ್ಣೆ ತಿಕ್ಕುತ್ತಿದ್ದಳು. ನಾನು ನರದ ವಿಷಯ ಬಿಡಿಸಿ ಹೇಳಲು ಕೂತೆ. ಮೈಯಲ್ಲಿ ನರವೆಂದರೆ ವೈರಿನ ಹಾಗೆ ಎಂದು ಶುರುಮಾಡಿದ್ದೇ ತಪ್ಪಾಯಿತು. ರಾಟೆಯ ಮೋಟರನ್ನು ತಾವೇ ಬಿಚ್ಚಿ ಜೋಡಿಸುವ ಭಾವ ಪೇಪರಿನಿಂದ ತಲೆಯೆತ್ತಿದರು.

“ವೈರ್ ಕಟ್ಟಾಗಿದ್ರೆ ಬೆರಳು ಆಡ್ತಾನೇ ಇರ್ಲಿಲ್ಲಮ್ಮ. ಆಡ್ತಾ ಇದೆಯಲ್ಲ. ಅಂದ್ಮೇಲೆ ಲೈನ್ ಸರಿಯಾಗೇ ಇದೆ.”

ಈ ವೈರಿನ ಹೋಲಿಕೆಯನ್ನು ಯಾರು ಮೊದಲು ಪುಸ್ತಕಕ್ಕೆ ತಂದರೋ ಅವರು ಸಿಕ್ಕರೆ ಎರಡು ಮಾತು ಕೇಳಬೇಕೆಂದಿದ್ದೇನೆ. ವೈರಿನಲ್ಲಿ ಒಂದು ಕಡೆಯಿಂದ ತಳ್ಳಿದ ಕರೆಂಟು ಇನ್ನೊಂದು ಕಡೆಗೆ ಹೋಗುತ್ತದೆ. ನರದಲ್ಲಿ ಹಾಗಿಲ್ಲ. ನರಕೋಶ ಸುಮ್ಮನಿರುವಾಗಲೂ ಸುಮ್ಮನಿರುವುದಿಲ್ಲ, ಸೋಡಿಯಮ್ಮನ್ನು ಹಗಲಿರುಳೂ ಹೊರಗೆ ದಬ್ಬುತ್ತ, ತನ್ನ ಒಳಗನ್ನು ಹೊರಗಿಗಿಂತ ಮೈನಸ್ಸಾಗಿ ಇಟ್ಟುಕೊಂಡು ತಯಾರಾಗಿ ಕೂತಿರುತ್ತದೆ. ಬಿಸಿ ತಾಕಿದ ಕಡೆ ಪೊರೆಯ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ಅಷ್ಟು ಜಾಗ ಪ್ಲಸ್ಸಾಗುತ್ತದೆ, ಅದನ್ನು ಕಂಡು ಪಕ್ಕದ ಬಾಗಿಲು ತೆರೆಯುತ್ತದೆ, ಅದನ್ನು ಕಂಡು ಅದರ ಪಕ್ಕದ್ದು. ತೆರೆದ ಕಡೆಯಿಂದ ಪೊಟ್ಯಾಷಿಯಂ ಹೊರಹೋಗಿ ಮತ್ತೆ ಮೊದಲಿನಂತಾಗುತ್ತದೆ, ಆ ಬಾಗಿಲು ಒಂದು ಗಳಿಗೆ ಮತ್ತೆ ತೆರೆಯುವುದಿಲ್ಲ, ಹಾಗಾಗಿ ಸುದ್ದಿ ಹಿಂದಕ್ಕೆ ಬರದೆ ಮುಂದಕ್ಕೇ ಹೋಗುತ್ತದೆ. ಬೀದಿಯ ಮೊದಲ ಮನೆಯವಳು ಪಕ್ಕದ ಮನೆಯವಳಿಗೆ, ಅವಳು ತನ್ನ ಪಕ್ಕದವಳಿಗೆ ಕೂಗಿ ಹೇಳಿದಂತೆ. ಪ್ರತಿ ಮನೆಯವಳೂ ತನ್ನ ಗಂಟಲಿನಿಂದ ಹೊಸದಾಗಿ ಕೂಗಬೇಕು. ನಡುವೆ ಒಂದು ಮನೆ ಕೂಗದಿದ್ದರೆ ಅಲ್ಲಿಗೆ ಮುಗಿಯಿತು.

ಇದನ್ನು ಇಷ್ಟೇ ಚೆಂದವಾಗಿ ಹೇಳಿದೆ. ಮಕ್ಕಳ ಮುಂದೆಯೂ ನಾನು ಹೀಗೆ ಹೇಳಿದ್ದಿಲ್ಲ. ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿಸಿಕೊಂಡಳು. ಅವಳ ಬೀದಿಯಲ್ಲಿ ಸುದ್ದಿ ನಿಂತ ದಾಖಲೆಯೇ ಇಲ್ಲವಾದ್ದರಿಂದ ಅವಳಿಗೆ ಈ ಹೋಲಿಕೆಯೂ ಹಿಡಿಸಲಿಲ್ಲ. ಸ್ವಲ್ಪ ತಡವಾಗಿಯಾದರೂ ಬಂದೇ ಬರುತ್ತದಲ್ಲ ಎಂದಳು. ಬರುವುದಿಲ್ಲ ಅಕ್ಕ, ನರದಲ್ಲಿ ಅರ್ಧ ಸುದ್ದಿ ಎಂಬುದಿಲ್ಲ, ಪೂರ್ತಿ ಕೂಗು, ಇಲ್ಲ ಮೌನ, ಸುಡುವ ಸುದ್ದಿ ದಾರಿಯಲ್ಲೇ ಸತ್ತರೆ ಸುಡುವುದೇನೂ ನಿಲ್ಲುವುದಿಲ್ಲ, ನಿನಗೆ ಗೊತ್ತಾಗುವುದು ನಿಲ್ಲುತ್ತದೆ ಎಂದು ನಾನು ಗಂಟಲು ಏರಿಸಿದೆ. ಅವಳು ನಾರನ್ನು ತಟ್ಟೆಯ ಅಂಚಿಗೆ ಸರಿಸಿ, ನನ್ನನ್ನು ನಿಜವಾಗಿಯೂ ಅರ್ಥವಾಗದವಳಂತೆ ನೋಡಿದಳು.

“ನೋವಾಗ್ತಿಲ್ಲ ಅನ್ನೋದೂ ಒಂದು ಕಾಯ್ಲೆನಾ?”

ನನಗೆ ಉತ್ತರ ಗೊತ್ತಿತ್ತು. ಉತ್ತರ ಗೊತ್ತಿದ್ದೂ ಎದುರಿಗಿರುವವರೊಳಗೆ ಅದನ್ನು ಇಳಿಸಲಾಗದೆ ಇರುವುದಿದೆಯಲ್ಲ, ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಅಲ್ಲಿಂದ ಶುರುವಾಯಿತು, ಈ ಲಾಟ್ ಮುಗಿಯಲಿ ಎಂಬ ಮಂತ್ರ. ಮಾರುಕಟ್ಟೆಯಿಂದ ತಂದ ಗೂಡಿನೊಳಗೆ ಹುಳು ಜೀವಂತವಾಗಿರುತ್ತದೆ. ಬೇಗ ನೂಲು ತೆಗೆಯದಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಆ ಗೂಡು ಯಾತಕ್ಕೂ ಬಾರದು. ಹಾಗಾಗಿ ಲಾಟು ಮನೆಯಲ್ಲಿದ್ದಾಗ ಅಕ್ಕ ಎಲ್ಲಿಗೂ ಬರುವಂತಿಲ್ಲ. ಆ ಲಾಟು ಮುಗಿಯುವಷ್ಟರಲ್ಲಿ ಭಾವ ಇನ್ನೊಂದನ್ನು ತಂದಿರುತ್ತಿದ್ದರು. ನಡುವೆ ಬಿಡುವು ಸಿಕ್ಕರೆ ಅತ್ತೆಯ ಕಡೆಯ ನಾಮಕರಣ, ಹಬ್ಬಕ್ಕೆ ಮನೆ ತೊಳೆಯುವುದು, ನೆಂಟರು. ನಾನು ಆಸ್ಪತ್ರೆಯಲ್ಲಿ ಹೊತ್ತು ಗೊತ್ತು ಮಾಡಿಸುವುದು, ಅವಳು ತಪ್ಪಿಸುವುದು. ಪ್ರತಿ ಸಲ ನಾನೇ ಫೋನ್ ಮಾಡಿ ಕ್ಷಮೆ ಕೇಳಬೇಕು. ಕೊನೆಗೆ ಆ ಆಸ್ಪತ್ರೆಯ ಹುಡುಗಿ ನನ್ನ ದನಿ ಕೇಳಿದೊಡನೆ, ಅಕ್ಕ ಬರಲ್ವಾ ಮೇಡಂ, ಎನ್ನುವಷ್ಟಾಯಿತು.

ಈ ಮಧ್ಯೆ ನೂಲೂ ಕೆಡುತ್ತಿತ್ತು. ಎಳೆ ಪದೇ ಪದೇ ಕಡಿಯುವುದು, ವೇಸ್ಟು ಹೆಚ್ಚಾಗುವುದು. ಭಾವ ಗೂಡು ಬೆಳೆದವರನ್ನು ಬೈದರು, ಹಿಪ್ಪುನೇರಳೆ ಸೊಪ್ಪನ್ನು ಬೈದರು, ಹವೆಯನ್ನು ಬೈದರು. ಪಕ್ಕದ ಬೇಸಿನ್ನಿನ ಹೆಂಗಸು ನೀರಿನಿಂದ ಕೈ ತೆಗೆದು ಒಂದು ಕ್ಷಣ ಸೀರೆಗೆ ಒತ್ತಿಕೊಂಡರೆ ಅಕ್ಕ, ಕೈ ಏನು ಹೂವಾ, ಎಂದು ಗದರುತ್ತಿದ್ದಳು. ನಾನು ನನ್ನ ಸಿಟ್ಟಿನಲ್ಲಿ ಮುಳುಗಿ ಅಕ್ಕನ ಹೆಬ್ಬೆರಳಿನ ಬುಡವನ್ನೇ ನೋಡುತ್ತಿದ್ದೆ. ಮುದ್ದೆ ಕಟ್ಟುವಾಗ ಉಬ್ಬಬೇಕಾದ ಅಂಗೈಯ ಆ ದಿಂಡು ಚಪ್ಪಟೆಯಾಗುತ್ತಿತ್ತು. ನರದ ಮಾತು ಕೇಳದೆ ಕೇಳದೆ ಸ್ನಾಯುವೂ ಸೊರಗುತ್ತಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಆ ಕೈ ಒಂದು ಗುಂಡಿಯನ್ನೂ ಹಾಕಿಕೊಳ್ಳದು ಎಂಬ ಭಯ ನನಗೆ. ಅವಳಿಗೆ ಆ ಭಯವೇ ಇರಲಿಲ್ಲ.

ಕೊನೆಗೆ ಅವಳನ್ನು ಹೊರಡಿಸಿದ್ದು ನನ್ನ ಪಾಠವಲ್ಲ, ದೋಸೆ. ಒಂದು ಬೆಳಗ್ಗೆ ಅವಳು ಕಾದ ಹೆಂಚಿನ ಅಂಚನ್ನು ತೋರುಬೆರಳಲ್ಲಿ ಒತ್ತಿ ಹಿಡಿದು ಭಾವನ ಜೊತೆ ಏನೋ ಮಾತಾಡುತ್ತ ನಿಂತಿದ್ದಳಂತೆ. ಸುಟ್ಟ ವಾಸನೆ ಮೊದಲು ಬಂದದ್ದು ಭಾವನಿಗೆ. ದೋಸೆ ಸೀಯುತ್ತಿದೆ ಎಂದುಕೊಂಡು ನೋಡಿದರೆ ಹೆಂಚಿನ ಮೇಲೆ ದೋಸೆಯೇ ಇರಲಿಲ್ಲ. ಭಾವ ಕೂಡಲೇ ನನಗೆ ಫೋನ್ ಮಾಡಿ, ಆಸ್ಪತ್ರೆಗೆ ಯಾವಾಗ ಹೋಗುವುದು ಎಂದು ತಾವೇ ಕೇಳಿದರು. ಕೈ ಪಳಗಿದೆ ಎಂದು ಅವರು ಮತ್ತೆಂದೂ ಯಾರ ಮುಂದೆಯೂ ಹೇಳಲಿಲ್ಲ.

ಸೂಲಿಬೆಲೆಯ ದಾರಿಯಾಗಿ ಬಸ್ಸಿನಲ್ಲಿ ಹೊಸಕೋಟೆಯ ಆ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರು ಸಮಾಧಾನಿ ಹೆಂಗಸು. ಅಕ್ಕನ ಬೆರಳಿಗೆ ತೆಳುವಾದ ತಂತಿಯ ಉಂಗುರ ತೊಡಿಸಿ, ಮಣಿಕಟ್ಟಿನ ಮೇಲೆ ಒಂದು ಕಡ್ಡಿ ಒತ್ತಿ ಚಿಕ್ಕ ಶಾಕು ಕೊಟ್ಟರು. ಮೊದಲು ಕಿರುಬೆರಳು. ಪರದೆಯ ಮೇಲೆ ಗೆರೆಯೊಂದು ಚಂಗನೆ ಮೇಲೆದ್ದು ಇಳಿಯಿತು. ಎಷ್ಟೋ ಸಾವಿರ ಸಲ ಸೀಮೆಸುಣ್ಣದಲ್ಲಿ ನಾನು ಬರೆದ ಗೆರೆಯ ದೊಡ್ಡಕ್ಕ ಅದು. ಜೀವ ಇರುವ ಕೈಯಿಂದ ಎದ್ದು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಆಮೇಲೆ ನಡುಬೆರಳು. ಡಾಕ್ಟರು ಶಾಕು ಕೊಟ್ಟರು. ಗೆರೆ ಹಾಗೇ ಮಲಗಿತ್ತು. ಸ್ವಲ್ಪ ಹೆಚ್ಚಿಸಿದರು. ತಡವಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ, ಒಂದು ಪುಟ್ಟ ದಿಬ್ಬ ಎದ್ದು ಇಳಿಯಿತು. ನನಗೆ ಅಳು ಒತ್ತಿಬಂತು. ಅಕ್ಕ ಮಾತ್ರ, ಕರೆಂಟು ಹೊಡೆಸಿಕೊಳ್ಳಲಿಕ್ಕೆ ಇಷ್ಟು ದೂರ ಬರಬೇಕಿತ್ತಾ, ನಮ್ಮ ಮೋಟರ್ ಮುಟ್ಟಿದರೂ ಹೊಡೆಯುತ್ತಿತ್ತು ಎಂದು ಗೊಣಗಿದಳು.

ಮೊಣಕೈಯಿಂದ ಮಣಿಕಟ್ಟಿನವರೆಗೆ ಸುದ್ದಿ ಚೆನ್ನಾಗಿಯೇ ಓಡುತ್ತಿದೆ, ಮಣಿಕಟ್ಟಿನಲ್ಲಿ ಮುಗ್ಗರಿಸುತ್ತಿದೆ ಎಂದು ಡಾಕ್ಟರು ವಿವರಿಸಿದರು. ನರತಂತುವಿನ ಮೇಲೆ ಕೊಬ್ಬಿನಂಥ ಒಂದು ಹೊದಿಕೆ ಇರುತ್ತದೆ. ಅದು ಇರುವುದರಿಂದಲೇ ಸುದ್ದಿ ಪ್ರತಿ ಹೆಜ್ಜೆಗೂ ನಿಲ್ಲದೆ ಹಾರಿ ಹಾರಿ ಹೋಗುತ್ತದೆ. ಒತ್ತಡಕ್ಕೆ ಆ ಹೊದಿಕೆ ಸವೆದಿದೆ, ಕೆಲವು ತಂತುಗಳಂತೂ ಕೂಗುವುದನ್ನೇ ಬಿಟ್ಟಿವೆ. ಆ ಬಿಗಿಯಾದ ಪಟ್ಟಿಯನ್ನು ಕೊಯ್ದು ಜಾಗ ಮಾಡಿಕೊಟ್ಟರೆ ಹೊದಿಕೆ ಮತ್ತೆ ಬೆಳೆಯಬಹುದು. ತಡಮಾಡಿದರೆ ಒಳಗಿನ ತಂತುವೇ ಸಾಯುತ್ತದೆ, ಆಮೇಲೆ ತಾನೂ ಏನೂ ಮಾಡಲಾರೆ ಎಂದರು. ಅಕ್ಕ ಎಲ್ಲವನ್ನೂ ಕೇಳಿ ಒಂದೇ ಒಂದು ಪ್ರಶ್ನೆ ಕೇಳಿದಳು. ಆಪರೇಷನ್ ಆದ ಮೇಲೆ ಮೊದಲಿನ ಹಾಗೆ ಬಿಸಿನೀರಿಗೆ ಕೈ ಹಾಕಬಹುದಾ? ಡಾಕ್ಟರು ಸಂತೋಷದ ಸುದ್ದಿ ಎಂಬಂತೆ, ಬಿಸಿ ಚೆನ್ನಾಗಿ ಗೊತ್ತಾಗುತ್ತದೆ ಎಂದರು. ಅಕ್ಕನ ಮುಖ ಸಪ್ಪಗಾಯಿತು.

“ಬಿಸಿ ಗೊತ್ತಾದ್ರೆ ನಾನು ಕೆಲ್ಸ ಹೆಂಗೆ ಮಾಡ್ಲಿ?” ಎಂದಳು, ಬಸ್ಸಿನಲ್ಲಿ ಕೂತ ಮೇಲೆ.

ನಾನು ಕಿರುಚಿಬಿಟ್ಟೆ. ಬಿಸಿ ಗೊತ್ತಾಗಲೆಂದೇ ದೇಹ ಇಷ್ಟೆಲ್ಲ ಉಪ್ಪು, ಬಾಗಿಲು, ಹೊದಿಕೆ ಇಟ್ಟುಕೊಂಡು ಒದ್ದಾಡುತ್ತದೆ, ನೀನು ಅದೇ ಬೇಡ ಎನ್ನುತ್ತೀಯಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಕಂಡಕ್ಟರು ಚಿಲ್ಲರೆಗೆ ಜಗಳವಾಡುತ್ತಿದ್ದೇನೆಂದುಕೊಂಡು ಹತ್ತಿರ ಬಂದು ನಿಂತರು. ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಅವಳದು ಹಟವಲ್ಲ, ಲೆಕ್ಕಾಚಾರ ಎಂಬುದು ನನಗೂ ಗೊತ್ತಿತ್ತು. ಕೈ ಸುಡುವವಳಿಗೆ ಆ ಬೇಸಿನ್ನಿನ ಮುಂದೆ ಜಾಗವಿಲ್ಲ. ಅದು ಗೊತ್ತಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಿತು, ಏಕೆಂದರೆ ಅದನ್ನು ಅವಳ ಮೇಲೆ ಪೂರ್ತಿಯಾಗಿ ತೀರಿಸಿಕೊಳ್ಳುವಂತೆಯೂ ಇರಲಿಲ್ಲ.

ಅವಳು ಒಪ್ಪಿದ್ದು ಆಮೇಲೆ ಸ್ವಲ್ಪ ದಿನಕ್ಕೆ, ತಾನಾಗಿಯೇ. ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು, ಎಳೆ ಸಿಗುತ್ತಿಲ್ಲ ಕಣೇ ಎಂದಳು. ಕೂದಲಿಗಿಂತ ಸಣ್ಣ ಆ ಎಳೆಯ ತುದಿ ಇಷ್ಟು ಕಾಲ ಅವಳ ಬೆರಳಿಗೆ ತಾನಾಗಿ ಬಂದು ತಾಗುತ್ತಿತ್ತಂತೆ. ಈಗ ಬೆಳಕಿಗೆ ಹಿಡಿದು ಕಣ್ಣಿನಿಂದ ಹುಡುಕಬೇಕು. ಬಿಸಿಯ ಸುದ್ದಿ ಬೇಡವೆಂದವಳಿಗೆ ಎಳೆಯ ಸುದ್ದಿಯೂ ಬರುವುದು ನಿಂತಿತ್ತು. ಅದೇ ದಾರಿ ಅಕ್ಕ, ಎರಡಕ್ಕೂ ಅದೇ ನರ ಎಂದು ಹೇಳಬೇಕೆಂದು ಬಾಯಿ ತೆರೆದವಳು, ಅವಳ ಮುಖ ನೋಡಿ ಸುಮ್ಮನೆ ಕಾಫಿಗಿಟ್ಟೆ.

ಆಪರೇಷನ್ ಚಿಕ್ಕದು, ಅಂದೇ ಮನೆಗೆ ಬಂದಳು. ಕಷ್ಟ ಶುರುವಾದದ್ದು ಆಮೇಲೆ. ಸತ್ತಂತಿದ್ದ ಬೆರಳುಗಳಿಗೆ ಸುದ್ದಿ ಮರಳಿ ಬರುವುದೆಂದರೆ ಮೊದಮೊದಲು ಇರುವೆ ಕಚ್ಚಿದ ಹಾಗೆ, ಸೂಜಿ ಚುಚ್ಚಿದ ಹಾಗೆ. ಅವಳು ದಿನಾ ನನಗೆ ಫೋನ್ ಮಾಡಿ ಬೈದಳು. ಲೋಟ ಸುಡುತ್ತದೆ, ಬಟ್ಟೆ ಸೋಪು ಉರಿಯುತ್ತದೆ, ಮೆಣಸಿನಕಾಯಿ ಹೆಚ್ಚಿದರೆ ಜೀವ ಹೋಗುತ್ತದೆ, ಚೆನ್ನಾಗಿದ್ದ ಕೈಯನ್ನು ಕೆಡಿಸಿಬಿಟ್ಟೆ ಎಂದು ನನ್ನ ವಂಶವನ್ನೂ ಸೇರಿಸಿ ಬೈದಳು. ಅದು ಅವಳದೂ ವಂಶ ಎಂಬುದನ್ನು ಮರೆತಿದ್ದಳು. ಅವಳು ಉರಿ ಎಂದಾಗಲೆಲ್ಲ ನನಗೆ ಒಳಗೊಳಗೇ ಸಂತೋಷ. ಅದನ್ನು ತೋರಿಸಿಕೊಂಡರೆ ನನ್ನ ಕಥೆ ಮುಗಿಯುತ್ತಿತ್ತು. ಆ ದಿನಗಳಲ್ಲಿ ಹಿತ್ತಲಿನ ಕೆಲಸವನ್ನೆಲ್ಲ ಆ ಹಳ್ಳಿಯ ಹೆಂಗಸೇ ಭಾವನ ಜೊತೆ ನಡೆಸಿಕೊಂಡು ಹೋದಳು.

ಅಕ್ಕ ಮತ್ತೆ ಬೇಸಿನ್ನಿನ ಮುಂದೆ ಕೂತ ದಿನ ನನ್ನ ಕಾಲೇಜಿಗೆ ರಜೆ. ಏನಾಗುತ್ತದೋ ನೋಡೋಣವೆಂದು ನಾನೂ ಹೋಗಿದ್ದೆ. ಹೆಂಗಸು ಆಗಲೇ ಗೂಡು ಬೇಯಿಸಿ ಎರಡೂ ಬೇಸಿನ್ನಿಗೆ ಹಾಕಿ ತಯಾರು ಮಾಡಿದ್ದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತು, ಅಭ್ಯಾಸದಂತೆ ಬೆರಳು ಅದ್ದಿದಳು. ಅದ್ದಿದ್ದೂ ಕಿತ್ತುಕೊಂಡಿದ್ದೂ ಒಟ್ಟಿಗೇ ಆಯಿತು. ಕಣ್ಣಲ್ಲಿ ನೀರು ತುಂಬಿತು.

ಒಲೆಯನ್ನು ಯಾರು ಇಷ್ಟು ಉರಿಸಿದ್ದು, ನಾನಿಲ್ಲದಿದ್ದರೆ ಕೇಳುವವರೇ ಇಲ್ಲವಾ, ಗೂಡೆಲ್ಲ ಬೆಂದು ಮುದ್ದೆಯಾಗುವುದಿಲ್ಲವಾ ಎಂದು ರೇಗಿದಳು. ಹೆಂಗಸು ರಾಟೆಯಿಂದ ಕಣ್ಣು ತೆಗೆಯದೆ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು.

“ಯಾವಾಗ್ಲೂ ಇಷ್ಟೇ ಇರೋದು ಅಕ್ಕ. ನೀವೇ ಕೈ ಇಟ್ಟು ನೋಡಿ ಹೇಳಿದ್ ಬಿಸಿ.”

ಇಷ್ಟು ದಿನ ಸೊಪ್ಪನ್ನೂ ಹವೆಯನ್ನೂ ಬೈದಿದ್ದ ಭಾವ ಬಾಗಿಲಲ್ಲಿ ನಿಂತು, ವೇಸ್ಟು ತುಂಬಿದ ಮೂಲೆಯ ಕಡೆ ನೋಡಿ ಒಳಗೆ ಹೋದರು. ಅಕ್ಕ ಮತ್ತೊಮ್ಮೆ, ಈ ಸಲ ನಿಧಾನವಾಗಿ, ನೀರಿಗೆ ಒಂದು ಬೆರಳು ತಾಗಿಸಿ ತೆಗೆದಳು. ಸುದ್ದಿ ಬಾರದ ಒಂದು ಕೈ, ಸುದ್ದಿ ಬರುವ ಇನ್ನೊಬ್ಬಳ ಕೈಗೆ ಎಷ್ಟು ಸುಡಬೇಕೆಂದು ತೀರ್ಮಾನಿಸುತ್ತ ಬಂದಿತ್ತು.

“ಎಲ್ಲಿ, ನಿನ್ ಕೈ ತೋರ್ಸು,” ಎಂದಳು ಅಕ್ಕ.

ಹೆಂಗಸು ನಾಚಿಕೊಂಡು ಸೀರೆಗೆ ಒರೆಸಿ ಕೈ ಚಾಚಿದಳು. ತುದಿಗಳು ಬೆಳ್ಳಗೆ ಬಿರಿದು, ಒಂದೆರಡು ಕಡೆ ಹಳೆಯ ಬೊಬ್ಬೆಯ ಗುರುತುಗಳು ಕಪ್ಪಾಗಿದ್ದವು. ಅಕ್ಕ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದಳು.

“ಮೊದ್ಲು ಹೇಳ್ದೆ ಅಕ್ಕ, ನೀವು ಬೈದ್ರಿ. ಈಗ ಕಷ್ಟ ಇಲ್ಲ ಬಿಡಿ,” ಎಂದು ಹೆಂಗಸು ಮೊದಲ ಸಲ ಸ್ವಲ್ಪ ಹೆಮ್ಮೆಯಿಂದ ನಕ್ಕಳು. “ಈಗೀಗ ಏನೂ ಅನ್ಸೋದೇ ಇಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು. ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಒಂದು ವರ್ಷ ಗಂಟಲು ಹರಿದುಕೊಂಡರೂ ಇಳಿಯದಿದ್ದದ್ದು ಅವಳ ಮುಖದಲ್ಲಿ ಪೂರ್ತಿಯಾಗಿ ಇತ್ತು. ಅದನ್ನು ಕಂಡು ನನಗೆ ಗೆದ್ದ ಸಂತೋಷವಾಗಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯದ ಸಿಟ್ಟು ಬಂತು. ಅಕ್ಕ ಆ ಹೆಂಗಸಿನ ಕೈ ಬಿಡದೆ, ಏಳು, ಹೊಸಕೋಟೆಗೆ ಹೋಗಬೇಕು ಎಂದು ಅವಳಿಗೂ, ಬಸ್ಸು ಎಷ್ಟೊತ್ತಿಗಿದೆ ನೋಡು ಎಂದು ನನಗೂ ಹೇಳಿದಳು.

“ಗೂಡು ನೀರಲ್ಲೈತೆ ಅಕ್ಕ, ಹಾಳಾಗ್ತದೆ. ಈ ಲಾಟ್ ಮುಗ್ದೋಗ್ಲಿ,” ಎಂದಳು ಹೆಂಗಸು.

ಅಕ್ಕ ಬಗ್ಗಿ, ಉರಿಯುತ್ತಿದ್ದ ಸೌದೆಗಳನ್ನು ಒಲೆಯಿಂದ ಒಂದೊಂದಾಗಿ ಹೊರಗೆಳೆದಳು.